ಹೆಸರಿಲ್ಲದೆ ಹೊರಗೆ ನಿಂತವರು

ಮೇ ೧೧, ೨೦೨೦, ಯೋಕೋಹಾಮಾ

ಬರೆಯಬೇಕಂತೆ. ಅರವತ್ತೇಳು ದಾಟಿದ ಹೆಂಗಸು ಶಾಲೆ ಮಕ್ಕಳ ಹಾಗೆ ನೋಟ್‌ಬುಕ್ಕು ಹಿಡಿದು ಕೂರಬೇಕಂತೆ. ಐದನೇ ಕ್ಲಾಸಿಗೆ ಶಾಲೆ ಬಿಡಿಸಿ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ದಬ್ಬಿದಾಗ ಯಾರೂ ಬರೆ ಎನ್ನಲಿಲ್ಲ. ಈಗ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಎನ್ನುತ್ತಾಳೆ. ನಿನ್ನೆ ಕುಕ್ಕರಿನ ಮುಚ್ಚಳ ಎಸೆದೆನೆಂದು ಈ ಶಿಕ್ಷೆ. ಎಸೆಯಲಿಲ್ಲ. ಸ್ವಲ್ಪ ಜೋರಾಗಿ ಇಟ್ಟೆ.

"ನಿನ್ನ ಕೋಪ ಎಲ್ಲಾ ಇದ್ರಲ್ಲಿ ಹಾಕಮ್ಮ," ಎಂದಳು ನಿರುಪಮಾ. "ನಿನ್ನ ಅಳಿಯ ಮನೆಯಿಂದ್ಲೇ ಕೆಲಸ ಮಾಡ್ತಿದಾರೆ. ನೀನು ಕಿರುಚಿದ್ರೆ ಮೀಟಿಂಗಲ್ಲಿ ಇರೋರಿಗೆಲ್ಲಾ ಕೇಳ್ಸುತ್ತೆ. ಮೊನ್ನೆ ಅವರ ಬಾಸು, ಮನೇಲಿ ಯಾರಿಗಾದ್ರೂ ಪೆಟ್ಟಾಯ್ತಾ ಅಂತ ಕೇಳಿದ್ರಂತೆ."

ಕೇಳಲಿ. ಭಟ್ಟಿಯ ಸದ್ದಿನಲ್ಲಿ ಬೆಳೆದ ಗಂಟಲು ಇದು. ಮೆತ್ತಗೆ ಮಾತಾಡಿದರೆ ಅಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಮಗಳ ಮನೆ ನೋಡಿ ಹೋಗೋಣವೆಂದು ಬಂದೆ. ನಮ್ಮನೆಯವರು ಬರಲಿಲ್ಲ. "ಸೈಕಲ್ ಅಂಗಡಿ ಯಾರು ನೋಡ್ತಾರೆ? ನೀನು ಹೋಗಿ ಬಾ, ನನಗೂ ಎರಡು ತಿಂಗಳು ಕಿವಿಗೆ ರಜ," ಎಂದರು. ನಾನು ಬಂದೆ, ವಿಮಾನ ನಿಂತಿತು. ಈಗ ಅಲ್ಲೊಂದು ಇಲ್ಲೊಂದು ವಿಮಾನ ಬಿಡುತ್ತಾರಂತೆ. ಆದರೆ ನಿರುಪಮಾ ಬಸುರಿ. ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ಬಿಟ್ಟು ಹೇಗೆ ಹೋಗಲಿ?

ಬರೆದೆ. ಕೋಪ ಇಳಿಯಲಿಲ್ಲ.

ಮೇ ೨೦

ಕಳ್ಳತನ. ಜಪಾನಿನಲ್ಲಿ ಕಳ್ಳರೇ ಇಲ್ಲ ಎಂದು ಅಳಿಯಂದಿರು ಹೇಳಿದ್ದರು.

ಬಾಲ್ಕನಿಯಲ್ಲಿ ಥರ್ಮಾಕೋಲ್ ಡಬ್ಬಿಯೊಳಗೆ ಮೆಂತ್ಯ ಹಾಕಿದ್ದೆ. ಇಲ್ಲಿ ಪಕ್ಕದ ಮನೆಯ ಬಾಲ್ಕನಿಗೂ ನಮ್ಮದಕ್ಕೂ ನಡುವೆ ಗೋಡೆಯಿಲ್ಲ, ತೆಳ್ಳನೆಯ ಹಲಗೆ. ಬೆಂಕಿ ಬಿದ್ದರೆ ಒಡೆದುಕೊಂಡು ಓಡಲಿಕ್ಕಂತೆ. ಹಲಗೆಯ ಕೆಳಗೆ ಒಂದು ಗೇಣು ಸಂದು. ಇವತ್ತು ಆ ಸಂದಿನಿಂದ ಪುಟ್ಟ ಕೈಯೊಂದು ಬಂತು, ನನ್ನ ಮೆಂತ್ಯವನ್ನು ಬುಡಸಮೇತ ಕಿತ್ತುಕೊಂಡು ಹೋಯಿತು.

"ಯಾವನಲೇ ಅವನು? ಕೈ ಮುರೀತೀನಿ!" ಎಂದೆ. ಕೈ ಮತ್ತೆ ಬಂತು. ಇನ್ನೊಂದು ಹಿಡಿ ಕಿತ್ತಿತು.

ಹಲಗೆಯ ಪಕ್ಕದಿಂದ ಬಗ್ಗಿ ನೋಡಿದರೆ ನಾಲ್ಕು ವರ್ಷದ ಹುಡುಗ, ಬಾಯಲ್ಲಿ ಸೊಪ್ಪು. ಅವನ ತಾಯಿ ಬಂದಳು. ಮುಖ ನೋಡಿದರೆ ಜಪಾನಿನವಳೇ. ಈಗ ಎರಡು ಬಿಗಿಯುತ್ತಾಳೆ ಎಂದು ಕಾದೆ. ಅವಳು ಹುಡುಗನ ಎದುರು ಕುಕ್ಕರಗಾಲಲ್ಲಿ ಕೂತು ಏನೋ ಮೆಲ್ಲಗೆ ಕೇಳಿದಳು. ಅಷ್ಟೇ. ಬೈಗುಳವಿಲ್ಲ, ಕಿವಿ ಹಿಂಡಲಿಲ್ಲ. ನನ್ನ ಕಡೆ ತಿರುಗಿ ಕೈ ಮುಗಿದಳು.

ನಿರುಪಮಾ ಬಂದು ಇಂಗ್ಲಿಷಿನಲ್ಲಿ ಮಾತಾಡಿದಳು. ಅವಳು ಹುಡುಗನಿಗೆ ಕೇಳಿದ್ದು ಇದಂತೆ: "ಆ ಅಜ್ಜಿಗೆ ಬೇಜಾರು ಮಾಡ್ಬೇಕು ಅಂತ ಇತ್ತಾ ನಿಂಗೆ?"

ಇದೊಂದು ಕೇಳುವ ಪ್ರಶ್ನೆಯೇ? ನನ್ನನ್ನು ಕೇಳಿದ್ದರೆ ಅವನಿಗೇನು ಬೇಕೋ ನಾನೇ ಕೊಡುತ್ತಿದ್ದೆ.

ಮೇ ೩೦

ಪಕ್ಕದವಳು ಜಪಾನಿನವಳಲ್ಲ. ಹೆಸರು ಮೀಕಾ. ಕೊಂಬಿನಿ ಅಂಗಡಿಯವರು ಅವಳ ಮುಖ ನೋಡಿ ಜಪಾನಿ ಭಾಷೆ ಸುರಿಸುತ್ತಾರಂತೆ, ಅವಳು "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ಓಡಿಬರುತ್ತಾಳಂತೆ. ಕೆನಡಾ ದೇಶದ ತುತ್ತತುದಿ, ಮಂಜಿನ ಊರಿನವಳು. ಗಂಡ ಮೋರಿ ಸಾನ್ ಜಪಾನಿನವನು, ಹಡಗಿನಲ್ಲಿ ಇಂಜಿನಿಯರು. ಯಾವ ಬಂದರಿನವರೂ ಹಡಗಿನವರನ್ನು ಇಳಿಯಲು ಬಿಡದೆ ಜನವರಿಯಿಂದ ನೀರಿನ ಮೇಲೇ ಇದ್ದಾನೆ.

"ಎಸ್ಕಿಮೋ ಅಂತಿದ್ರಲ್ಲ ಅತ್ತೆ, ಅವರೇ," ಎಂದರು ಅಳಿಯಂದಿರು. "ಈಗ ಹಾಗನ್ನಬಾರ್ದು, ಇನೂಯಿಟ್ ಅನ್ಬೇಕು. ಮಂಜಿನ ಮನೆ ಕಟ್ತಾರೆ, ಮೂಗಿಗೆ ಮೂಗು ಉಜ್ಜಿ ಮುತ್ತು ಕೊಡ್ತಾರೆ, ಹಸಿ ಮೀನು ತಿಂತಾರೆ."

"ಹಸಿ ಮೀನು ನಿಮ್ಮ ಆಫೀಸಿನವರೂ ತಿಂತಾರಲ್ಲ," ಎಂದೆ.

"ಅದು ಸುಶಿ ಅತ್ತೆ. ಇದು ಬೇರೆ. ಮತ್ತೆ ಮುದುಕರಾದ್ರೆ ಮಂಜಿನ ಮೇಲೆ ಬಿಟ್ಟು ಬರ್ತಿದ್ರಂತೆ."

ನನಗೆ ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡು ಗೊತ್ತಿಲ್ಲ. ಸಂಜೆ ಹಲಗೆಯ ಹತ್ತಿರ ಮೀಕಾ ಸಿಕ್ಕಾಗ ಕೇಳು ಎಂದು ನಿರುಪಮಾಳನ್ನು ತಿವಿದೆ. "ಅಯ್ಯೋ ಬೇಡಮ್ಮ, ಅಸಹ್ಯ," ಎಂದಳು. ನಾನು ಬಿಡಲಿಲ್ಲ. ಕೇಳಿದಳು.

ಮೀಕಾ ಹೇಳಿದ್ದನ್ನು ನಿರುಪಮಾ ಕನ್ನಡ ಮಾಡಿದಳು. ಅವರ ಊರಿಗೆ ದಕ್ಷಿಣದಿಂದ ಬರುತ್ತಿದ್ದ ಮೇಷ್ಟ್ರುಗಳೂ ಇದನ್ನೇ ಕೇಳುತ್ತಿದ್ದರಂತೆ. ಅವಳ ಅಜ್ಜಿ ಹಣ್ಣಾಗಿ ಉದುರುವ ತನಕ ಮನೆಯಲ್ಲೇ ಇದ್ದಳಂತೆ, ಮೀನಿನ ಒಳ್ಳೆಯ ತುಂಡು ಮೊದಲು ಅಜ್ಜಿಗೇ ಹೋಗುತ್ತಿತ್ತಂತೆ. ಇಷ್ಟು ಹೇಳಿ ಮೀಕಾ ನನ್ನನ್ನೇ ನೋಡುತ್ತಾ ಇನ್ನೇನೋ ಕೇಳಿದಳು. ನಿರುಪಮಾ ತುಟಿ ಕಚ್ಚಿದಳು.

"ಏನಂತೆ?"

"ನಿಮ್ಮಲ್ಲಿ ಗಂಡ ಸತ್ರೆ ಹೆಂಡ್ತೀನ ಸುಡ್ತಾರಂತೆ, ಹೌದಾ ಅಂತ."

ಬಾಗಿಲು ಎಳೆದುಕೊಂಡು ಒಳಗೆ ಬಂದೆ. ನಾವು ಲಿಂಗ ಕಟ್ಟಿದವರು, ಹೆಣವನ್ನೇ ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ. ಇವಳು ಹೆಂಡತಿಯನ್ನು ಸುಡುವ ಮಾತಾಡುತ್ತಾಳೆ!

ನಮ್ಮನೆಯವರಿಗೆ ಫೋನಿನಲ್ಲಿ ಹೇಳಿದರೆ ಅವರು ಉಸಿರು ಕಟ್ಟುವಷ್ಟು ನಕ್ಕರು. "ಸರಿಯಾಗೇ ಕೇಳಿದಾಳೆ. ನೀನು ಕೇಳಿದ್ದೇನು ಕಮ್ಮಿ ಐತಾ? ನಾನು ಸತ್ರೆ ನಿನ್ನನ್ನ ಸುಡಾಕೆ ಯಾರಿಗಲೇ ಧೈರ್ಯ ಐತೆ?"

ಜೂನ್ ೧೬

ವೀಸಾ ಮುಂದಕ್ಕೆ ಹಾಕಿಸಲು ಕಚೇರಿಗೆ ಹೋಗಿ ಕೂತು ಸೊಂಟ ಹೋಯಿತು. ಪ್ಲಾಸ್ಟಿಕ್ ಪರದೆಯ ಹಿಂದೆ ಮಾಸ್ಕ್ ಹಾಕಿದ ಹುಡುಗಿ. ಎಲ್ಲಾ ಕೇಳಿ ಕೊನೆಗೆ ಗಂಡನ ಹೆಸರು ಕೇಳಿದಳು.

"ಹೇಳಮ್ಮ," ಎಂದಳು ನಿರುಪಮಾ.

"ನೀನು ಹೇಳು."

"ನಿನ್ನ ಬಾಯಿಂದ ಕೇಳ್ಬೇಕಂತೆ ಅವ್ರಿಗೆ. ಇದೇನು ದಾವಣಗೆರೇನಾ? ಹೇಳಿಬಿಡು, ಹಿಂದೆ ಅಷ್ಟು ಜನ ಕಾಯ್ತಿದಾರೆ."

ಹೇಳಲಿಲ್ಲ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಹೇಳದೆ ಬಿಡುವುದಿಲ್ಲ ಎಂದಾಗ ಒಂದು ಸಲ ಆ ಹೆಸರು ಹೇಳಿದ್ದೆ. ಅದೂ ಹಾಡಿನ ನಡುವೆ ಬಚ್ಚಿಟ್ಟು. ಆಮೇಲೆ ಇಲ್ಲ. ಕರೆಯಬೇಕಾದರೆ "ರೀ". ಇದ್ದರೆ ತಿರುಗುತ್ತಾರೆ, ಇಲ್ಲದಿದ್ದರೆ ಅಂಗಡಿಯಲ್ಲಿದ್ದಾರೆ ಎಂದು ಅರ್ಥ. ಇದಕ್ಕಿಂತ ಹೆಚ್ಚಿಗೆ ಏನು ಬೇಕು?

ನಿರುಪಮಾ ತಾನೇ ಹೇಳಿದಳು. ಆ ಹುಡುಗಿ ತಲೆ ಬಗ್ಗಿಸಿದಳು. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು.

ದಾರಿಯಲ್ಲಿ ಅಳಿಯಂದಿರು ಮಗುವಿನ ಹೆಸರಿನ ಮಾತು ತೆಗೆದರು. ಜಪಾನಿನವರಿಗೂ ತೊಡಕಾಗಬಾರದು, ಮುಂದೆ ಅಮೆರಿಕಕ್ಕೆ ಹೋದರೆ ಅವರಿಗೂ ತೊಡಕಾಗಬಾರದು ಎಂದು ಹುಡುಕುತ್ತಿದ್ದಾರೆ. ಮನೆಯವರಿಗೆ ತೊಡಕಾದರೆ ಪರವಾಗಿಲ್ಲ.

ಜುಲೈ ೯

ಮೀಕಾಳ ಹತ್ತಿರ ಮಾತು ಬಿಟ್ಟಿದ್ದೆ. ಆದರೆ ಹಲಗೆ ತೆಳು, ನನ್ನ ಕಿವಿ ಇನ್ನೂ ಚುರುಕು. ದಿನಾ ಬೆಳಿಗ್ಗೆ ಅವಳ ತಾಯಿ ಅವಳ ಊರಿನಿಂದ ಫೋನಿನಲ್ಲಿ ಬರುತ್ತಾಳೆ. ಆ ಹೆಂಗಸು ಹುಡುಗನನ್ನು "ಅನಾನಾ, ಅನಾನಾ" ಎಂದು ಕರೆಯುತ್ತಾಳೆ. ಹುಡುಗನ ಹೆಸರು ಉಲಾಯು ಎಂದು ಗೊತ್ತಿತ್ತು. ಇದೇನು ಅಡ್ಡಹೆಸರು ಎಂದು ನಿರುಪಮಾಳನ್ನು ಕೇಳಲು ಬಿಟ್ಟೆ.

ಅನಾನಾ ಎಂದರೆ ಅವರಲ್ಲಿ ಅವ್ವ ಅಂತೆ.

ಉಲಾಯು ಎನ್ನುವುದು ಮೀಕಾಳ ಅಜ್ಜಿಯ ಹೆಸರು. ಅಜ್ಜಿ ತೀರಿದ ಮೇಲೆ ಈ ಹುಡುಗ ಹುಟ್ಟಿದ, ಅಜ್ಜಿಯ ಹೆಸರು ಇವನಿಗೆ ಬಂತು. ಹೆಸರು ಬಂದರೆ ಅಜ್ಜಿಯೇ ಬಂದ ಹಾಗೆ. ಆದ್ದರಿಂದ ಮೀಕಾಳ ತಾಯಿಗೆ ಈ ಹುಡುಗ ಮೊಮ್ಮಗನಲ್ಲ, ಹೆತ್ತವ್ವ.

"ಅದಕ್ಕೇ ಬಯ್ಯಲ್ವಂತೆ ಅಮ್ಮ," ಎಂದು ನಿರುಪಮಾ ನಕ್ಕಳು. "ಅಜ್ಜಿಗೆ ಯಾರಾದ್ರೂ ಬಯ್ತಾರಾ ಅಂತ ಕೇಳ್ತಾಳೆ. ಮಕ್ಕಳ ಮುಂದೆ ಕಿರುಚಾಡೋದು ದೊಡ್ಡೋರ ಲಕ್ಷಣ ಅಲ್ವಂತೆ. ಡೇಕೇರ್‌ನವ್ರು ಮೀಟಿಂಗಿಗೆ ಕರೆದು, ಈ ಮಗುಗೆ ಮನೇಲಿ ಶಿಸ್ತು ಕಲಿಸ್ತಿಲ್ಲ ಅಂದ್ರಂತೆ ಪಾಪ."

ಡೇಕೇರಿನವರು ಸರಿಯಾಗಿಯೇ ಹೇಳಿದ್ದಾರೆ. ಸತ್ತ ಹಿರಿಯರ ಹೆಸರಿಡುವುದು ನಮ್ಮಲ್ಲೂ ಉಂಟು. ನಮ್ಮ ಬೀದಿಯ ವಿಜಯಕ್ಕ ತನ್ನ ಮಗನಿಗೆ ಮಾವನ ಹೆಸರಿಟ್ಟು, ಸೊಸೆ ಬಾಯಲ್ಲಿ ಮಾವನ ಹೆಸರು ಬರಬಾರದೆಂದು ಕೊನೆಯವರೆಗೂ ಅವನನ್ನು "ಅಜ್ಜಯ್ಯ" ಎಂದೇ ಕರೆದಳು. ಆದರೆ ಗಂಡಿನ ಹೆಸರು ಗಂಡಿಗೆ, ಹೆಣ್ಣಿನದು ಹೆಣ್ಣಿಗೆ. ಗಂಡು ಹುಡುಗನಿಗೆ ಅವ್ವ ಎನ್ನುವುದು ಎಲ್ಲಿಯ ಪದ್ಧತಿ? ಹುಚ್ಚು.

ನಮ್ಮನೆಯವರಿಗೆ ಹೇಳಿದೆ. "ಒಳ್ಳೇದಾಯ್ತು," ಎಂದರು. "ನಾನು ಹೋದ ಮೇಲೆ ಯಾರಿಗಾದ್ರೂ ನನ್ನ ಹೆಸ್ರಿಡಿ. ಆವಾಗಾದ್ರೂ ನೀನು ಬಯ್ಯೋದು ನಿಲ್ಲಿಸ್ತೀಯೇನೋ."

"ಬಾಯಲ್ಲಿ ಒಳ್ಳೇ ಮಾತು ಬರ್ಲಿ," ಎಂದು ಬೈದೆ.

ಆಗಸ್ಟ್ ೧೭

ಅವರಿಗೆ ಜ್ವರ. ಮೈದುನ ಬಸವರಾಜ ಮಾತ್ರೆ ತಂದುಕೊಟ್ಟಿದ್ದಾನೆ. ಮಳೆಯಲ್ಲಿ ನೆನೆದದ್ದಕ್ಕೆ ಎನ್ನುತ್ತಾರೆ. ಫೋನಿನಲ್ಲಿ ಕೆಮ್ಮಿದರು. ಆ ಕೆಮ್ಮು ಮಳೆಯದ್ದಲ್ಲ.

ಆಗಸ್ಟ್ ೨೦

ಆಸ್ಪತ್ರೆಗೆ ಸೇರಿಸಿದ್ದಾರೆ. ಬಸವರಾಜನನ್ನು ಗೇಟಿನ ಒಳಗೆ ಬಿಡುವುದಿಲ್ಲ. ಅವರ ಫೋನಿನ ಚಾರ್ಜರ್ ಮನೆಯಲ್ಲೇ ಉಳಿದಿದೆ. ಯಾರನ್ನು ಬೈಯಲಿ?

ವಿಮಾನ ಕೇಳಿದೆ. ಸೆಪ್ಟೆಂಬರಿನಲ್ಲಿ ಇರಬಹುದಂತೆ. ಹೋದರೂ ಮೊದಲು ಬೆಂಗಳೂರಿನಲ್ಲಿ ಕೂಡಿಹಾಕುತ್ತಾರಂತೆ.

ಆಗಸ್ಟ್ ೨೪

ಹೋದರು.

ಆಗಸ್ಟ್ ೨೬

ಬಸವರಾಜ ದೂರದಿಂದ ಫೋನ್ ಹಿಡಿದು ತೋರಿಸಿದ. ಮೈತುಂಬ ಬಿಳಿ ಅಂಗಿ ಹಾಕಿದ ನಾಲ್ವರು. ಅವರ ಮುಖ ಕಾಣಲಿಲ್ಲ, ನಮ್ಮನೆಯವರ ಮುಖವೂ ಕಾಣಲಿಲ್ಲ. ಪ್ಲಾಸ್ಟಿಕ್ ಚೀಲ.

ನಮ್ಮಲ್ಲಿ ಕೂರಿಸಿ ಇಡಬೇಕು. ಅಂಗೈಯಲ್ಲಿ ಲಿಂಗ ಇಡಬೇಕು. ವಿಭೂತಿ ಗಟ್ಟಿ ತುಂಬಬೇಕು. ಅಯ್ಯನವರು ಬಂದು ತಲೆಯ ಮೇಲೆ ಪಾದ ಇಡಬೇಕು. ಏನೂ ಆಗಲಿಲ್ಲ. ಮಲಗಿಸಿ ಇಳಿಸಿದರು. ನಿಯಮ ಹಾಗಂತೆ. ಆ ನಾಲ್ವರನ್ನು ಬೈಯುವ ಹಾಗೂ ಇಲ್ಲ, ಅವರಲ್ಲಿ ಒಬ್ಬ ಕೊನೆಗೆ ತಾನಾಗಿಯೇ ಕೈ ಮುಗಿದ.

ನಿರುಪಮಾ ಜೋರಾಗಿ ಅತ್ತಳು. ಹೊಟ್ಟೆಯಲ್ಲಿರುವುದಕ್ಕೆ ಕೆಟ್ಟದ್ದು, ಬಾಯಿ ಮುಚ್ಚು ಎಂದೆ. ಮುಚ್ಚಿದಳು.

ಹೆಂಡತಿಯನ್ನು ಸುಡುತ್ತಾರಾ ಎಂದು ಕೇಳಿದ್ದಳಲ್ಲ ಮೀಕಾ. ಹೆಂಡತಿಗೆ ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲ ಎಂದು ಅವಳಿಗೆ ಹೇಳಬೇಕು.

ಸೆಪ್ಟೆಂಬರ್ ೬

ಬರೆಯಲಿಲ್ಲ. ಬರೆಯಲು ಏನಿತ್ತು? ಅನ್ನ, ಪಾತ್ರೆ, ಸೆಕೆ.

ಹಲಗೆಯ ಪಕ್ಕ ಬಾಲ್ಕನಿಯಲ್ಲಿ ಕೂರುತ್ತೇನೆ. ಆ ಕಡೆ ಮೀಕಾ ಬಂದು ಕೂರುತ್ತಾಳೆ, ಸದ್ದಿನಿಂದ ಗೊತ್ತಾಗುತ್ತದೆ. ಮಾತಿಲ್ಲ. ಅವಳ ಭಾಷೆ ನನಗೆ ಬರುವುದಿಲ್ಲ, ನನ್ನದು ಅವಳಿಗೆ ಬರುವುದಿಲ್ಲ, ಅದೇ ಒಳ್ಳೆಯದಾಯಿತು. ಸಮಾಧಾನ ಹೇಳುವವರ ಫೋನು ಸಾಕಾಗಿದೆ. ಹುಡುಗನ ಕೈ ಸಂದಿನಿಂದ ಬಂದು ಮೆಂತ್ಯ ಕೀಳುತ್ತದೆ. ಕೀಳಲಿ. ಡಬ್ಬಿಯನ್ನೇ ಸ್ವಲ್ಪ ಅವನ ಕಡೆ ಸರಿಸಿದ್ದೇನೆ.

ಇವತ್ತು ನಿರುಪಮಾ ಬಟ್ಟೆ ಒಣಗಿಸಲು ಬಂದಾಗ ಮೀಕಾ ಕೇಳಿದಳು, ನಮ್ಮನೆಯವರ ಹೆಸರೇನು ಎಂದು. ನಾನು ಆಕಾಶ ನೋಡಿದೆ. ನಿರುಪಮಾ ಹೇಳಿದಳು. ಮೀಕಾ ಆ ಹೆಸರನ್ನು ಮೆಲ್ಲಗೆ, ತುಂಡು ತುಂಡು ಮಾಡಿ, ತಪ್ಪದೆ ಹೇಳಿದಳು. ಆಮೇಲೆ ಹುಡುಗನಿಂದಲೂ ಹೇಳಿಸಿದಳು. ಆಮೇಲೆ ಇನ್ನೇನೋ ಹೇಳಿದಳು.

"ಏನಂತೆ?"

"ಅವಳ ಅಮ್ಮ ಹೇಳ್ತಾರಂತೆ, ಹೆಸರು ಯಾರಿಗಾದ್ರೂ ಸಿಗೋವರೆಗೆ ಸತ್ತವರು ಚಳೀಲಿ ಹೊರಗೇ ನಿಂತಿರ್ತಾರೆ ಅಂತ. ಒಳಗೆ ಬರೋಕೆ ಬಾಗಿಲು ಬೇಕಂತೆ." ನಿರುಪಮಾ ಕ್ಲಿಪ್ಪು ಹಾಕುತ್ತಾ ಮುಖ ಆ ಕಡೆ ತಿರುಗಿಸಿಕೊಂಡಳು. "ಅವರ ನಂಬಿಕೆ ಅಮ್ಮ. ತಲೆಗೆ ಹಚ್ಕೋಬೇಡ."

ನಮ್ಮಲ್ಲಿ ಸತ್ತವರು ಎಲ್ಲಿಯೂ ನಿಲ್ಲುವುದಿಲ್ಲ, ನೇರ ಶಿವನ ಪಾದ ಸೇರುತ್ತಾರೆ. ಅಯ್ಯನವರು ಹಾಗೆಂದೇ ಹೇಳುತ್ತಾರೆ. ಆದರೆ ಅಯ್ಯನವರು ಬರಲಿಲ್ಲವಲ್ಲ.

ಸೆಪ್ಟೆಂಬರ್ ೨೮

ಹೇಳಿಬಿಟ್ಟೆ. ಹುಟ್ಟುವುದು ಗಂಡೇ, ಅವನಿಗೆ ಅವರ ಹೆಸರೇ ಇಡಬೇಕು. ಊಟಕ್ಕೆ ಕೂತಾಗ ಹೇಳಿದೆ.

ಅಳಿಯಂದಿರು ನಿರುಪಮಾಳ ಮುಖ ನೋಡಿದರು. ನಿರುಪಮಾ ತಟ್ಟೆ ನೋಡಿದಳು. "ನೋಡೋಣ ಅತ್ತೆ," ಎಂದರು. ಬೇಡ ಎನ್ನಲಿಲ್ಲ. ಅಷ್ಟು ಸಾಕು. ತಿಂಗಳಿಂದ ಇವತ್ತೇ ಎರಡು ತುತ್ತು ಗಂಟಲಲ್ಲಿ ಇಳಿದದ್ದು.

ಅಕ್ಟೋಬರ್ ೧೨

ಹೆಣ್ಣಂತೆ.

ಅವಳಿಗೆ ಜುಲೈನಿಂದ ಗೊತ್ತಿತ್ತಂತೆ. ಇಲ್ಲಿ ಡಾಕ್ಟರು ಬಾಯಿಬಿಟ್ಟು ಹೇಳುತ್ತಾರೆ, ನಮ್ಮಲ್ಲಿಯ ಹಾಗೆ ಹೇಳಿದರೆ ಜೈಲಿಲ್ಲ. ಜೈಲೆಂದೇ ತಿಳಿದು ನಾನು ಕೇಳಿರಲಿಲ್ಲ. ನನ್ನಷ್ಟು ಕಾನೂನು ಯಾರು ಪಾಲಿಸುತ್ತಾರೆ!

"ಮತ್ತೆ ನಾನು ಹೆಸ್ರಿನ ಮಾತು ತೆಗೆದ ದಿನಾನೇ ಯಾಕೆ ಬೊಗಳಲಿಲ್ಲ?"

"ಅಪ್ಪ ಹೋಗಿ ತಿಂಗಳಾಗಿತ್ತು. ನೀನು ಅವತ್ತು ಊಟ ಮಾಡ್ತಿದ್ದೆ. ಹೇಗೆ ಹೇಳ್ಲಿ?"

ಹೆಣ್ಣೆಂದು ಬೇಸರವಿಲ್ಲ, ನಾನೂ ಹೆಣ್ಣೇ ಹೆತ್ತವಳು. ಆದರೆ ಬಾಗಿಲು ಮುಚ್ಚಿದ ಹಾಗಾಯಿತು. ಯಾರ ಮುಖಕ್ಕೆ ಎಂದು ಬರೆಯುವುದಿಲ್ಲ.

ಹೆಸರು ರೀನಾ ಎಂದು ಗೊತ್ತುಮಾಡಿದ್ದಾರೆ. ಎಲ್ಲಾ ದೇಶಕ್ಕೂ ಸುಲಭವಂತೆ.

ಅಕ್ಟೋಬರ್ ೧೮

ಮೀಕಾಳಿಗೆ ಹೆಣ್ಣು ಎಂದು ಕೈಸನ್ನೆಯಲ್ಲಿ ಹೇಳಿದೆ. ಜಡೆ ಹೆಣೆದ ಹಾಗೆ ಮಾಡಿ ತೋರಿಸಿದೆ. ಅವಳಿಗೆ ಸಂತೋಷ. ನಾನು ತಲೆಯಾಡಿಸಿ ಕೈ ಚೆಲ್ಲಿದೆ. ಅವಳಿಗೆ ಅರ್ಥವಾಗಲಿಲ್ಲ. ನಿರುಪಮಾಳನ್ನು ಕರೆದಳು.

ಅವರಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು. ನಿರುಪಮಾಳ ಮುಖ ಬಿಗಿಯಾಗುತ್ತಾ ಹೋಯಿತು.

"ಏನಂತಾಳೆ?"

"ಏನಿಲ್ಲಮ್ಮ."

"ನೀನು ನಡುವೆ ನುಂಗಬೇಡ. ಹೇಳು."

"ಹೆಣ್ಣಾದ್ರೇನು ಅಂತಾಳೆ." ಉಸಿರು ಬಿಟ್ಟಳು. "ಹೆಸರಿಗೆ ಗಂಡು ಹೆಣ್ಣು ಇರಲ್ವಂತೆ. ನನ್ನ ಅಜ್ಜಿ ಹುಡುಗನಾಗಿ ಬಂದಿಲ್ವಾ ಅಂತ ಕೇಳ್ತಾಳೆ. ನಿನ್ನ ಗಂಡನಿಗೆ ಈ ಸಲ ಹುಡುಗಿಯಾಗಿ ಬರೋಣ ಅನ್ನಿಸಿರಬಹುದು, ಬೇಡ ಅನ್ನೋಕೆ ನೀವ್ಯಾರು ಅಂತಾಳೆ. ಸಾಕಾ? ಅವಳಿಗೇನಮ್ಮ, ಅವಳ ಊರಲ್ಲಿ ಎಲ್ರೂ ಹಾಗೆ. ಇಲ್ಲಿ ಪೇಪರಲ್ಲಿ ಅವಳ ಮಗನ ಹೆಸ್ರು ಹಾರು ಅಂತ ಜಪಾನಿ ಹೆಸ್ರು, ಡೇಕೇರ್‌ನಲ್ಲೂ ಹಾಗೇ ಕರೀತಾರೆ, ಅದನ್ನ ಅವಳು ಹೇಳಲ್ಲ."

ಮೀಕಾ ನನ್ನನ್ನು ನೋಡಿ ಇನ್ನೊಂದು ಮಾತು ಕೇಳಿದಳು. ನಿರುಪಮಾ ಅದನ್ನು ಹೇಳದೆ ಒಳಗೆ ಹೋಗಲು ನೋಡಿದಳು. ತೋಳು ಹಿಡಿದು ನಿಲ್ಲಿಸಿದೆ.

"ಮಗು ಬಂದಾಗ ನೀನು ಏನಂತ ಕರೀತೀಯ, ಅಂತ."

ಉತ್ತರ ನನಗೆ ಗೊತ್ತಿತ್ತು, ಒಂದೇ ಅಕ್ಷರ. ಹುಡುಗ ಸಂದಿನಿಂದ ಕೈ ಚಾಚಿ ನನ್ನ ಕಾಲ ಬೆರಳು ಮುಟ್ಟಿದ. ಅವನ ಕೈ ತಣ್ಣಗಿತ್ತು. ಮಂಜಿನ ಊರಿನ ಮುದುಕಿ.

ನವೆಂಬರ್ ೩

ಬೆಳಿಗ್ಗೆ ಹೆರಿಗೆಯಾಯಿತು. ಇಬ್ಬರೂ ಚೆನ್ನಾಗಿದ್ದಾರಂತೆ. ಅಂತೆ. ಆಸ್ಪತ್ರೆಗೆ ಹೆತ್ತ ತಾಯಿಯನ್ನೂ ಬಿಡುವುದಿಲ್ಲ. ಅಳಿಯಂದಿರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸಿದರು. ನಾವಿಬ್ಬರೂ ಒಂದೇ ಫೋನಿಗೆ ಮೂಗು ಹಚ್ಚಿ ನೋಡಿದೆವು. ಎಲ್ಲವನ್ನೂ ಫೋನಿನಲ್ಲೇ ನೋಡುವುದು ನನ್ನ ಹಣೆಬರಹ. ಆಗಸ್ಟಿನಲ್ಲಿ ಮಣ್ಣು, ಈಗ ಮಗು.

ಎಡಗಿವಿ ಸ್ವಲ್ಪ ಮಡಚಿದೆ. ಅವರದ್ದೂ ಹಾಗೇ ಇತ್ತು. ಅಳಿಯಂದಿರಿಗೆ ತೋರಿಸಿದೆ. "ಹುಟ್ಟಿದ ಮಕ್ಕಳ ಕಿವಿ ಹಾಗೇ ಇರತ್ತೆ ಅತ್ತೆ, ಆಮೇಲೆ ನೆಟ್ಟಗಾಗತ್ತೆ," ಎಂದರು. ಇವರು ಇಂಜಿನಿಯರು, ಡಾಕ್ಟರಲ್ಲ.

ನವೆಂಬರ್ ೮

ಮಗು ಮನೆಗೆ ಬಂತು.

ಮಧ್ಯಾಹ್ನ ನಿರುಪಮಾ ಸ್ನಾನಕ್ಕೆ ಹೋದಾಗ ಅಳಲು ಶುರುವಾಯಿತು. ಎತ್ತಿಕೊಂಡೆ, ಆಡಿಸಿದೆ, ತಟ್ಟಿದೆ. ನಿಲ್ಲಲಿಲ್ಲ. ಮಗು ತನ್ನ ಹೆಸರು ಬೇಕೆಂದು ಅಳುತ್ತದೆ, ಸರಿಯಾದ ಹೆಸರು ಕರೆದರೆ ಸುಮ್ಮನಾಗುತ್ತದೆ ಎಂದು ಮೀಕಾ ಯಾವಾಗಲೋ ಹೇಳಿದ್ದಳು. ಬಾಗಿಲು ನೋಡಿದೆ. ಯಾರೂ ಇಲ್ಲ. ಆ ಮಡಚಿದ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ.

ಒಡಪಿಲ್ಲದೆ, ಬರೀ ಹೆಸರು. ಮನೆಯ ತಾರಸಿ ಕುಸಿಯಲಿಲ್ಲ.

ಅಳುವೂ ನಿಲ್ಲಲಿಲ್ಲ. ಗಾಳಿ ಸೇರಿಕೊಂಡಿತ್ತು. ಹೆಗಲ ಮೇಲೆ ಹಾಕಿಕೊಂಡು ಬೆನ್ನು ಸವರಿದ ಮೇಲೆ ತೇಗಿ ಸುಮ್ಮನಾಯಿತು. ಊಟವಾದ ಮೇಲೆ ಅವರೂ ಹೀಗೇ ಜೋರಾಗಿ ತೇಗುತ್ತಿದ್ದರು, ನಾನು ಬೈಯುತ್ತಿದ್ದೆ.

ನವೆಂಬರ್ ೧೦

ಜಗಳ. ಇಲ್ಲಿ ಮಗು ಹುಟ್ಟಿದ ಹದಿನಾಲ್ಕು ದಿನದೊಳಗೆ ವಾರ್ಡ್ ಆಫೀಸಿನಲ್ಲಿ ಹೆಸರು ಕೊಡಬೇಕು. ಸೋಮವಾರ ಕೊನೆ. ಅಳಿಯಂದಿರು ರೀನಾ ಎಂದು ತುಂಬಿಸಿ ಇಟ್ಟಿದ್ದಾರೆ.

"ಅದಲ್ಲ ಹೆಸರು," ಎಂದೆ.

"ಅತ್ತೆ, ದಯವಿಟ್ಟು," ಎಂದರು. "ಹೆಣ್ಣು ಮಗುಗೆ ಆ ಹೆಸರಿಟ್ರೆ ಸ್ಕೂಲಲ್ಲಿ, ಏರ್‌ಪೋರ್ಟಲ್ಲಿ, ಹೋದ್ಹೋದ ಕಡೆ ಪ್ರಾಬ್ಲಮ್ಮು. ಮನೇಲಿ ಮುದ್ದಿಗೆ ಸೋಮೂ ಅಂತ ಕರೀರಿ ಬೇಕಾದ್ರೆ."

"ಮುದ್ದಿಗಲ್ಲ."

ನಿರುಪಮಾ ಎದ್ದುನಿಂತಳು. "ದಿನಾ ನಾನು ಅಪ್ಪನ ಹೆಸ್ರು ಕೂಗ್ಬೇಕಾ? ಊಟ ಮಾಡು, ಚಡ್ಡಿ ಹಾಕ್ಕೋ, ಟಿವಿ ಆಫ್ ಮಾಡು ಅಂತ? ಪ್ರತಿ ಸಲ ಅಪ್ಪ ಇಲ್ಲ ಅನ್ನೋದು ಮತ್ತೆ ನೆನಪಾಗ್ಬೇಕಾ? ಅಪ್ಪ ಹೋದಾಗ ಅಳೋಕೂ ಬಿಡ್ಲಿಲ್ಲ ನೀನು, ಬಾಯಿ ಮುಚ್ಚು ಅಂದೆ. ಮುಚ್ಚಿದೆ. ಈಗ ಇದು. ನನ್ನ ಕೈಲಾಗಲ್ಲಮ್ಮ."

ಅವಳು ಹೀಗೆ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ನನ್ನ ಗಂಟಲೇ ಅವಳಿಗೂ ಬಂದಿದೆ. ನನಗೆ ಕಿರುಚಲು ಆಗಲಿಲ್ಲ.

"ಹೆಸರು ಕೂಗಬೇಡ," ಎಂದೆ. "ನಾನು ಕೂಗಿದ್ದೆನಾ ಯಾವತ್ತಾದರೂ? ಹೆಸರು ಕಾಗದದಲ್ಲಿರಲಿ. ನೀನು ಅಪ್ಪಾ ಅನ್ನು. ಸಾಕು. ನಿನಗೆ ಕರೆಯಲು ಒಬ್ಬ ಅಪ್ಪ ಇರುತ್ತಾನೆ."

ನಿರುಪಮಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗುವಿನ ಅಳು, ಅವಳ ಅಳು ಎರಡೂ ಕೇಳಿಸಿದವು. ಬಾಯಿ ಮುಚ್ಚು ಎನ್ನಲಿಲ್ಲ.

ನವೆಂಬರ್ ೧೧

ಇವತ್ತು ಮನೆಯಲ್ಲಿ ಬೇಕಾದಷ್ಟೇ ಮಾತು. ಅಳಿಯಂದಿರು ಮೀಟಿಂಗಿನಲ್ಲಿ ಇದ್ದಾರೆ, ಇಲ್ಲದಿದ್ದಾಗಲೂ ಇದ್ದ ಹಾಗೆ ಮಾಡುತ್ತಾರೆ.

ಬೆಳಿಗ್ಗೆ ಮಗುವಿಗೆ ಬಿಸಿನೀರು ಹಾಕಿದೆ. ಮೊದಲು ಕಾಲಿಗೆ ಹಾಕಿ, ಬಿಸಿ ಹೆಚ್ಚಾಯಿತೇನ್ರೀ ಎಂದು ಕೇಳಿದೆ. ಹಾಲು ಕುಡಿದು ಮಲಗಿದರು. ಮಧ್ಯೆ ಒಂದು ಸಲ ಕಣ್ಣು ಬಿಟ್ಟು ನನ್ನನ್ನು ನೋಡಿ ಹಣೆ ಗಂಟಿಕ್ಕಿದರು. ಕಿಟಕಿಯಿಂದ ಗಾಳಿ ಬರುತ್ತಿತ್ತು, ಮುಚ್ಚಿದೆ.

"ಹಾಲು ಸಾಕಾಗಿಲ್ಲ ಅನ್ಸುತ್ತೆ, ಇನ್ನೊಂದು ಸಲ ಕೊಡು, ಆಮೇಲೆ ಮಲಗ್ತಾರೆ," ಎಂದೆ ನಿರುಪಮಾಳಿಗೆ.

"ಯಾರು ಮಲಗ್ತಾರೆ?" ಎಂದಳು.

"ಇನ್ಯಾರು."

ಅವಳು ನನ್ನ ಮುಖವನ್ನೇ ನೋಡಿದಳು. ಮಗುವನ್ನು ಎತ್ತಿಕೊಂಡು ಹೋದಳು. ಯಾಕೆ ಹಾಗೆ ನೋಡಿದಳೋ.

ನನ್ನ ವೀಸಾ ಡಿಸೆಂಬರಿನವರೆಗೆ. ಆಮೇಲೆ ಕಳಿಸುತ್ತಾರೆ. ಮೀಕಾಳೂ ಇರುವುದಿಲ್ಲ, ಗಂಡ ಹಡಗಿನಿಂದ ಇಳಿದರೆ ಅವನ ಊರಿಗೆ ಹೋಗುತ್ತಾರಂತೆ. ಹಲಗೆಯ ಆ ಕಡೆ ಬೇರೆ ಯಾರೋ ಬರುತ್ತಾರೆ. ನಾನು ದಾವಣಗೆರೆಯಲ್ಲಿ ಶಟರ್ ಹಾಕಿದ ಸೈಕಲ್ ಅಂಗಡಿಯ ಎದುರು ನಿಂತಾಗ ಇಲ್ಲಿ ಇವರನ್ನು ಗುರುತು ಹಿಡಿಯುವವರು ಯಾರು? ಕಾಗದದಲ್ಲಿ ಇದ್ದರೆ ಯಾರೋ ಒಬ್ಬರು ಎಂದಾದರೂ ಯಾರ ಹೆಸರಿದು ಎಂದು ಕೇಳುತ್ತಾರೆ. ಇಲ್ಲದಿದ್ದರೆ ಹೊರಗೇ.

ನನ್ನ ಕೈಯಲ್ಲಿ ಇಲ್ಲಿ ಏನೂ ಇಲ್ಲ. ಭಾಷೆಯಿಲ್ಲ, ಸಹಿಯಿಲ್ಲ, ಆ ಆಫೀಸಿನ ದಾರಿ ಗೊತ್ತಿಲ್ಲ. ಬಾಯಿ ಒಂದಿತ್ತು, ಅದೂ ಸೋತಿದೆ. ಆದ್ದರಿಂದ ಈ ಹಾಳೆಯನ್ನೇ ಹರಿದು ಫ್ರಿಜ್ಜಿನ ಮೇಲೆ ಅಂಟಿಸುತ್ತೇನೆ. ಇಬ್ಬರೂ ಓದಿಕೊಳ್ಳಿ. ಬರೆ ಬರೆ ಎಂದವರು ನೀವೇ.

ಹೆಸರು ಸೋಮಶೇಖರ. ನಾನೇ ಬರೆದಿದ್ದೇನೆ, ನನ್ನ ಕೈಯಿಂದ. ರೀನಾ ಮುಂದಿರಲಿ, ಹಿಂದಿರಲಿ, ನನಗೆ ಬೇಕಿಲ್ಲ. ಇದು ಕಾಗದದಲ್ಲಿ ಇರಬೇಕು. ಸೋಮವಾರದವರೆಗೆ ಎಳೆಯಬೇಡಿ. ಶುಕ್ರವಾರ, ಹದಿಮೂರನೇ ತಾರೀಖು, ಸಂಜೆ ಐದಕ್ಕೆ ಊರಿಗೆಲ್ಲಾ ಕೇಳುವ ಹಾಗೆ ಕಂಬದ ಮೈಕಿನಲ್ಲಿ ದಿನಾ ಹಾಡು ಹಾಕುತ್ತಾರಲ್ಲ, ಅಷ್ಟರೊಳಗೆ ನನಗೆ ಉತ್ತರ ಬೇಕು. ಇಡುತ್ತೀರೋ, ಇಲ್ಲವೋ?